ಎದೆ ನೋವು, ಏದುಸಿರು: ಗ್ಯಾಸ್ ಅನ್ನುವ ಮೊದಲು ಇಷ್ಟು ನೋಡಿಕೊಳ್ಳಿ

ನಮ್ಮ ಕಡೆ ಎದೆ ನೋವಿಗೆ ಎರಡೇ ಹೆಸರು. ಮನೆಯವರು ಗ್ಯಾಸ್ ಅನ್ನುತ್ತಾರೆ, ನೋವು ಬಂದ ಹುಡುಗ ಹಾರ್ಟ್ ಅನ್ನುತ್ತಾನೆ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತು ನಾನು ಕೇಳುವುದು ಇದನ್ನೇ. ಅಮ್ಮ ಜೀರಿಗೆ ಕಷಾಯ ಕುಡಿಸಿ ಕಳಿಸಿರುತ್ತಾರೆ, ಮಗ ಮೊಬೈಲಿನಲ್ಲಿ ಹುಡುಕಿ ಹುಡುಕಿ ಇನ್ನಷ್ಟು ಬೆವರಿರುತ್ತಾನೆ, ಕೊನೆಗೆ "ಒಂದು ಗ್ಯಾಸಿನ ಮಾತ್ರೆ ಕೊಡಿ" ಅನ್ನುತ್ತಾರೆ. ಮಾತ್ರೆ ಕೊಡುವುದು ಸುಲಭ. ಯಾವುದಕ್ಕೆ ಕೊಡುತ್ತಿದ್ದೇನೆ ಅನ್ನುವುದೇ ಗೊತ್ತಿರುವುದಿಲ್ಲ.

2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮೇಲೆ ಜಿಮ್ ಹುಡುಗರೆಲ್ಲ ಹೆದರಿದರು. 2025ರಲ್ಲಿ ಹಾಸನದಿಂದ ಸಾಲು ಸಾಲಾಗಿ ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿಗಳು ಬಂದಾಗ ಜಯದೇವ ಆಸ್ಪತ್ರೆ ಮುಂದೆ ಸಾಲು ಬೆಳೆಯಿತು. ಹೆದರಿಕೆ ತಪ್ಪಲ್ಲ. ಆದರೆ ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಎದೆ ನೋವಿಗೆ ಹೆಚ್ಚಾಗಿ ಸಿಗುವ ಕಾರಣ ಸ್ನಾಯು, ಪಕ್ಕೆಲುಬು, ಹೊಟ್ಟೆಯ ಆಸಿಡ್, ಉಬ್ಬಸ, ಗಾಬರಿ. ಹೃದಯ ಅಪರೂಪಕ್ಕೆ, ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಹಾಗಾಗಿ ಮೊದಲು ಅಪಾಯದ್ದನ್ನು ಬೇರೆ ಮಾಡಿಕೊಳ್ಳಬೇಕು, ಉಳಿದದ್ದನ್ನು ನಿಧಾನಕ್ಕೆ ನೋಡಬಹುದು.

ಕಾಯಬಾರದ ನೋವು ಯಾವುದು

ಎದೆಯ ನಡುವೆ ಅಕ್ಕಿ ಮೂಟೆ ಇಟ್ಟ ಹಾಗೆ ಭಾರ, ಹಿಂಡಿದ ಹಾಗೆ ನೋವು, ಕೂತರೂ 15 ನಿಮಿಷದಲ್ಲಿ ಇಳಿಯದೆ ದವಡೆಗೋ ಎಡಗೈಗೋ ಬೆನ್ನಿಗೋ ಹರಡುತ್ತಿದ್ದರೆ, ಜೊತೆಗೆ ತಣ್ಣನೆ ಬೆವರು, ವಾಂತಿ ಬಂದ ಹಾಗೆ ಆಗುತ್ತಿದ್ದರೆ ಅದು ಹೃದಯ ಅಂತಲೇ ತಿಳಿದು ಹೊರಡಿ. ವಯಸ್ಸು 28 ಇದ್ದರೂ ಅಷ್ಟೇ. ಸಿಗರೇಟು, ಗುಟ್ಕಾ, ಸಕ್ಕರೆ ಕಾಯಿಲೆ, ಬಿಪಿ, ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆದದ್ದು, ಇದರಲ್ಲಿ ಯಾವುದಾದರೂ ಇದ್ದರೆ ಎರಡನೇ ಯೋಚನೆಯೇ ಬೇಡ. ಹೆಂಗಸರಿಗೆ ಒಮ್ಮೊಮ್ಮೆ ನೋವು ಅಷ್ಟು ಸ್ಪಷ್ಟ ಇರುವುದಿಲ್ಲ. ವಿಪರೀತ ಸುಸ್ತು, ಏದುಸಿರು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ಇಷ್ಟೇ ಇರಬಹುದು.

ಇನ್ನೂ ಕೆಲವು ಇವೆ. ಒಂದು ವಾಕ್ಯ ಪೂರ್ತಿ ಹೇಳಲಿಕ್ಕಾಗದಷ್ಟು ಏದುಸಿರು. ತುಟಿ, ಉಗುರು ನೀಲಿ ಆಗುವುದು. ಕೆಮ್ಮಿದರೆ ರಕ್ತ. ತಲೆ ಸುತ್ತಿ ಬಿದ್ದದ್ದು. ಎದೆ ಸೀಳಿದಂಥ ನೋವು ಒಮ್ಮೆಲೇ ಬಂದು ಬೆನ್ನಿಗೆ ಹೋಗುವುದು. ಕ್ರಿಕೆಟ್ಟೋ ಕಬಡ್ಡಿಯೋ ಆಡುತ್ತಿರುವಾಗಲೇ ಎಚ್ಚರ ತಪ್ಪಿ ಬಿದ್ದರೆ, ಎದ್ದ ಮೇಲೆ ಎಷ್ಟೇ ಚೆನ್ನಾಗಿದ್ದರೂ ಹೃದಯದ ಎಕೋ ಸ್ಕ್ಯಾನ್ ಆಗಿ ಡಾಕ್ಟರು ಹೇಳುವ ತನಕ ಮೈದಾನಕ್ಕೆ ಇಳಿಯಬಾರದು. ವಂಶದಿಂದ ಬಂದ ಕಾಯಿಲೆಯಿಂದ ಹೃದಯದ ಗೋಡೆ ದಪ್ಪ ಆದವರು ಹೀಗೆ ಬೀಳುವುದುಂಟು.

ಒಂದೇ ಬದಿಗೆ, ಒಮ್ಮೆಲೇ ಚುಚ್ಚುವ ನೋವು ಬಂದು ಉಸಿರು ಸಾಲದ ಹಾಗೆ ಆಗುವುದು ಇನ್ನೊಂದು. ಎತ್ತರಕ್ಕೆ ಬೆಳೆದ ಸಣಕಲು ಹುಡುಗರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ, ಯಾವ ಪೆಟ್ಟೂ ಬೀಳದೆ ಶ್ವಾಸಕೋಶದ ಮೇಲಿನ ಚಿಕ್ಕ ಗುಳ್ಳೆ ಒಡೆದು ಗಾಳಿ ಹೊರಗೆ ಸೋರುತ್ತದೆ. ಸುಮ್ನೆ ಕೂತಿದ್ದಾಗಲೂ ಆಗಬಹುದು. ಒಂದು ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಗ್ಯಾಸ್ ಮಾತ್ರೆ ನುಂಗಿ ಎರಡು ದಿನ ಮಲಗಿದರೆ ಜೀವಕ್ಕೇ ಕುತ್ತು ಬರಬಹುದು.

ಹೊರಡುವುದು ಎಲ್ಲಿಗೆ?

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಡವುವುದೇ ಇಲ್ಲಿ. ಹಾರ್ಟ್ ಅನ್ನುವ ಮಾತು ಬಾಯಿಗೆ ಬಂದ ಕೂಡಲೇ ಕುಮಟಾ, ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವಾದ ಬಾಂಬೋಲಿಗೆ, ಶಿರಸಿಯವರು ಹುಬ್ಬಳ್ಳಿಗೆ ಕಾರು ತಿರುಗಿಸುತ್ತಾರೆ. ಎಲ್ಲವೂ ಹೆಚ್ಚೂಕಡಿಮೆ ನೂರು ಕಿಲೋಮೀಟರ್. ಮಳೆಗಾಲದಲ್ಲಿ ಎಲ್ಲಿ ಗುಡ್ಡ ಜಾರಿದೆಯೋ, ಘಟ್ಟದಲ್ಲಿ ಎಲ್ಲಿ ಮರ ಬಿದ್ದಿದೆಯೋ ಹೇಳಲಿಕ್ಕಾಗದು. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಮಗುಚಿದ್ದನ್ನು ಯಾರೂ ಮರೆತಿಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಜೋರಾದದ್ದು ಆಗಲೇ. ಅದು ಆಗುವಾಗ ಆಗಲಿ. ಇವತ್ತು ರಾತ್ರಿ ನೋವು ಬಂದರೆ ಏನು ಮಾಡುವುದು ಅಂತ ನೋಡೋಣ.

ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಕ್ರಿಮ್ಸ್ ಇದೆ. ಇಸಿಜಿ ಐದು ನಿಮಿಷದ ಕೆಲಸ. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿದೆ ಅಂತ ಇಸಿಜಿಯಲ್ಲಿ ಕಂಡರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಟೆನೆಕ್ಟೆಪ್ಲೇಸ್ ಅಂತ. ನೋವು ಶುರುವಾಗಿ 12 ಗಂಟೆಯ ಒಳಗೆ ಕೊಡಬೇಕು, ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟರೆ ಫಲ ಜಾಸ್ತಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಪುಕ್ಕಟೆ ಕೊಡುತ್ತಾರೆ. ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ಅಲ್ಲಿಂದಲೇ ನೋಡಿ ಹೇಳುವ ವ್ಯವಸ್ಥೆಯೂ ಅದರಲ್ಲಿದೆ. ಸ್ಟೆಂಟ್ ಹಾಕುವ ಆಸ್ಪತ್ರೆ ಎರಡು ಗಂಟೆಗಿಂತ ದೂರ ಇದ್ದರೆ ಮೊದಲು ಇಂಜೆಕ್ಷನ್, ಆಮೇಲೆ ಪ್ರಯಾಣ. ವೈದ್ಯರು ಪಾಲಿಸುವ ಕ್ರಮವೇ ಅದು. ಇಸಿಜಿ ಇಲ್ಲದೆ ಸೀದಾ ಮಣಿಪಾಲಕ್ಕೆ ಓಡುವವರು ಈ ಎರಡು ಗಂಟೆಯನ್ನು ರಸ್ತೆಯಲ್ಲೇ ಕಳೆಯುತ್ತಾರೆ. ನನ್ನ ಕೇಳಿದರೆ ಇದಕ್ಕಿಂತ ದುಬಾರಿ ತಪ್ಪು ಬೇರೆ ಇಲ್ಲ.

108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವುದು ತಡ ಅಂತ ಗೊತ್ತಾದರೆ ಪಕ್ಕದ ಮನೆಯವರ ಕಾರು ಹತ್ತಿ. ನೋವು ಬಂದವರು ತಾವೇ ಗಾಡಿ ಓಡಿಸಬಾರದು, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದೂ ಬೇಡ, ದಾರಿಯಲ್ಲಿ ಎಚ್ಚರ ತಪ್ಪಿದರೆ ಹಿಡಿಯುವವರು ಯಾರು? ಆಸ್ಪಿರಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ. 108ರವರೋ ಡಾಕ್ಟರೋ ಹೇಳಿದರೆ, ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಹೊಟ್ಟೆಯಲ್ಲಿ ರಕ್ತಸ್ರಾವ ಆದ ಇತಿಹಾಸ ಇಲ್ಲದಿದ್ದರೆ, 300 ಮಿಲಿಗ್ರಾಂ ಅಗಿದು ನುಂಗಬಹುದು. ಜ್ವರ ಇದ್ದು ಡೆಂಗಿ ಅನುಮಾನ ಇದ್ದರೆ ಮುಟ್ಟಬೇಡಿ. ಅಜ್ಜನ ಡಬ್ಬಿಯಲ್ಲಿರುವ ಸಾರ್ಬಿಟ್ರೇಟ್ ತೆಗೆದು ಮೊಮ್ಮಗನ ನಾಲಿಗೆ ಕೆಳಗೆ ಇಡುವ ಅಭ್ಯಾಸ ಮಾತ್ರ ಬಿಡಿ. ಅದು ಬಿಪಿಯನ್ನು ಥಟ್ಟನೆ ಇಳಿಸುತ್ತದೆ.

ಮೇಲೆ ಹೇಳಿದ್ದು ಯಾವುದೂ ಇಲ್ಲವಾ? ಹಾಗಾದರೆ ಸ್ವಲ್ಪ ಕೂತು ನೋಡೋಣ.

ಬೆರಳು ಇಟ್ಟು ತೋರಿಸಿ

ನೋವು ಎಲ್ಲಿದೆ ಅಂತ ಒಂದು ಬೆರಳಿನಲ್ಲಿ ತೋರಿಸಲು ಬರುತ್ತದಾ? ಅಲ್ಲಿ ಒತ್ತಿದರೆ ಅದೇ ನೋವು ಬರುತ್ತದಾ? ಮೈ ತಿರುಗಿಸಿದರೆ, ಕೈ ಮೇಲೆತ್ತಿದರೆ, ಕೆಮ್ಮಿದರೆ ಜಾಸ್ತಿ ಆಗುತ್ತದಾ? ಮೂರಕ್ಕೂ ಹೌದು ಅಂದರೆ ಹೆಚ್ಚಿನ ಪಾಲು ಅದು ಎದೆಗೂಡಿನ ನೋವು. ಪಕ್ಕೆಲುಬು ಎದೆಮೂಳೆಗೆ ಸೇರುವ ಜಾಗದ ಮೃದ್ವಸ್ಥಿ ಊದಿಕೊಂಡರೆ ಹೀಗಾಗುತ್ತದೆ. ನಿನ್ನೆ ಮೊನ್ನೆ ಏನು ಮಾಡಿದಿರಿ ಅಂತ ನೆನಪು ಮಾಡಿಕೊಳ್ಳಿ. ಶಿರಸಿ, ಸಿದ್ದಾಪುರದ ಕಡೆ ಹುಡುಗರು ಉದ್ದ ದೋಟಿ ಹಿಡಿದು ದಿನವಿಡೀ ಕತ್ತೆತ್ತಿ ಅಡಿಕೆ ಕೊನೆ ಕೊಯ್ದು ಬಂದಿರುತ್ತಾರೆ, ಮರುದಿನ ಎದೆ ಹಿಡಿದುಕೊಂಡು ಗ್ಯಾಸ್ ಅನ್ನುತ್ತಾರೆ. ಬಲೆ ಎಳೆದವರು, ಮೀನಿನ ಕ್ರೇಟ್ ಎತ್ತಿದವರು, ಜಿಮ್ಮಿಗೆ ಹೊಸದಾಗಿ ಸೇರಿ ಮೊದಲ ವಾರವೇ ಬೆಂಚ್ ಪ್ರೆಸ್ ಮೇಲೆ ಬಿದ್ದವರು, ವಾರಗಟ್ಟಲೆ ಕೆಮ್ಮಿದವರು ಎಲ್ಲರದ್ದೂ ಇದೇ ಕಥೆ. ಕೆಲಸ ಸ್ವಲ್ಪ ಕಡಿಮೆ ಮಾಡಿ, ಬಿಸಿ ಶಾಖ ಕೊಡಿ, ಪ್ಯಾರಾಸಿಟಮಾಲ್ ಸಾಕು. ಪೂರ್ತಿ ಹೋಗಲು ಕೆಲವು ವಾರ ಹಿಡಿಯಬಹುದು, ಅದಕ್ಕೆ ಗಾಬರಿ ಬೇಡ. ಆದರೆ ಒತ್ತಿದರೆ ನೋವು ಅನ್ನುವ ಒಂದೇ ಗುರುತಿನ ಮೇಲೆ ಹೃದಯವನ್ನು ಪೂರ್ತಿ ಬಿಟ್ಟುಬಿಡುವ ಹಾಗಿಲ್ಲ. ಭಾರ, ಬೆವರು, ಏದುಸಿರು ಜೊತೆಗಿದ್ದರೆ ಮೇಲಿನ ಮಾತೇ ಮಾತು.

ಹದಿಹರೆಯದವರಿಗೆ ಇನ್ನೊಂದು ಬರುತ್ತದೆ. ಸುಮ್ನೆ ಬಗ್ಗಿ ಕೂತಿದ್ದಾಗ ಎಡ ಎದೆಯಲ್ಲಿ ಚುಳುಕ್ ಅನ್ನುತ್ತದೆ, ಉಸಿರು ಎಳೆದರೆ ಜಾಸ್ತಿ, ಕೆಲವು ಸೆಕೆಂಡು, ಹೆಚ್ಚೆಂದರೆ ಎರಡು ಮೂರು ನಿಮಿಷ, ಆಮೇಲೆ ಏನೂ ಆಗದ ಹಾಗೆ ಮಾಯ. ಅದರಿಂದ ಅಪಾಯ ಇಲ್ಲ, ಔಷಧಿಯೂ ಬೇಡ.

ಒಂದೇ ಬದಿಗೆ ಪಟ್ಟಿಯಂತೆ ಉರಿ ಉರಿ ನೋವು ಬಂದು ಎರಡು ಮೂರು ದಿನದ ಮೇಲೆ ಅಲ್ಲೇ ಗುಳ್ಳೆ ಎದ್ದರೆ ಅದು ಸರ್ಪಸುತ್ತು. ಕೆಮ್ಮಣ್ಣು ಬಳಿಯುವ ಮೊದಲು ಡಾಕ್ಟರಿಗೆ ತೋರಿಸಿ. ಗುಳ್ಳೆ ಎದ್ದ 72 ಗಂಟೆಯ ಒಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು.

ನಿಜವಾದ ಗ್ಯಾಸ್

ಗ್ಯಾಸ್ ಅನ್ನುವುದು ಸುಳ್ಳಲ್ಲ, ಆಸಿಡ್ ಮೇಲೆ ಬಂದು ಅನ್ನನಾಳ ಸುಟ್ಟರೆ ಎದೆಯ ನಡುವೆ ಭಾರಿ ಉರಿ. ಊಟ ಆದ ಮೇಲೆ, ಮಲಗಿದ ಮೇಲೆ, ಬಗ್ಗಿದರೆ ಜಾಸ್ತಿ. ಬಾಯಲ್ಲಿ ಹುಳಿ ನೀರು, ಹುಳಿ ತೇಗು. ರಾತ್ರಿಯಿಡೀ ಯಕ್ಷಗಾನದ ಆಟ ನೋಡುತ್ತಾ ನಾಲ್ಕು ಚಹಾ, ಒಂದು ಪ್ಲೇಟ್ ಮಿರ್ಚಿ ಭಜೆ, ಮನೆಗೆ ಬಂದು ಅಪ್ಪೆಹುಳಿ ಕುಡಿದು ಹಾಗೇ ಮಲಗಿದರೆ ಭಾಗವತರೂ ಕಾಪಾಡಲಾರರು. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಬಿಡಿ, ತಲೆ ಕಡೆಯ ಮಂಚದ ಕಾಲಿಗೆ ಹಲಗೆ ಕೊಟ್ಟು ಎತ್ತರಿಸಿ, ಎಡ ಮಗ್ಗುಲಿಗೆ ಮಲಗಿ. ಪ್ಯಾಂಟೊಪ್ರಜೋಲ್ ತರದ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಎರಡು ವಾರ ತಿಂದರೂ ಬೇಕೇ ಬೇಕು ಅನಿಸಿದರೆ ನನ್ನ ಹತ್ತಿರ ಅಲ್ಲ, ಡಾಕ್ಟರ ಹತ್ತಿರ ಹೋಗಿ.

ಯಾರೂ ಹೇಳದ ಒಂದು ಕಾರಣ ಇದೆ. ಮಳೆಗಾಲದಲ್ಲಿ ಇಲಿ ಜ್ವರಕ್ಕೆ, ಅಲ್ಲದೆ ಮೊಡವೆಗೆ ಡಾಕ್ಸಿಸೈಕ್ಲಿನ್ ಕೊಡುತ್ತಾರಲ್ಲ, ಅದನ್ನು ಒಂದು ಗುಟುಕು ನೀರಲ್ಲಿ ನುಂಗಿ ಅಡ್ಡಾದರೆ ಗುಳಿಗೆ ಅನ್ನನಾಳದಲ್ಲೇ ಸಿಕ್ಕಿ ಹುಣ್ಣು ಮಾಡುತ್ತದೆ. ಆಮೇಲೆ ಎಂಜಲು ನುಂಗಿದರೂ ಎದೆಯಲ್ಲಿ ನೋವು. ದೊಡ್ಡ ಲೋಟ ನೀರು ಕುಡಿಯಬೇಕು, ಅರ್ಧ ಗಂಟೆಯಾದರೂ ಕೂತೋ ನಿಂತೋ ಇರಬೇಕು.

ನಡೆದರೆ, ಮೆಟ್ಟಿಲು ಹತ್ತಿದರೆ ಬಂದು ನಿಂತರೆ ಇಳಿಯುವ ಉರಿಯನ್ನು ಗ್ಯಾಸ್ ಅನ್ನಬೇಡಿ. ಅದು ಹೃದಯದ ಲಕ್ಷಣ.

ಉಸಿರು ಸಾಲುವುದಿಲ್ಲ ಅಂದಾಗ

ಕರಾವಳಿಯ ಮಳೆಗಾಲ, ಮಲೆನಾಡಿನ ಮನೆ, ಉಬ್ಬಸ ಮೂರೂ ಒಟ್ಟಿಗೇ ಬರುತ್ತವೆ. ಜೂನ್ ಬಂತು ಅಂದರೆ ಗೋಡೆಗೆ ಬೂಷ್ಟು, ಕಪಾಟಿನ ಬಟ್ಟೆಗೆ ಮುಗ್ಗಲು ವಾಸನೆ, ಹಾಸಿಗೆ ಒಣಗಿಸಲು ಬಿಸಿಲೇ ಇಲ್ಲ, ಬಚ್ಚಲ ಒಲೆಗೆ ಹಸಿ ಸೌದೆ, ಆ ಹೊಗೆ ಮನೆ ತುಂಬಾ. ಇದರ ಮೇಲೆ ಅಡಿಕೆ ಸುಲಿಯುವಾಗ ಏಳುವ ಧೂಳು. ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯುವವರು ಮೈಲುತುತ್ತದ ಹನಿಗಳನ್ನು ಉಸಿರಿನಲ್ಲಿ ಎಳೆದುಕೊಳ್ಳುತ್ತಾರೆ, ಮುಖಕ್ಕೆ ಟವೆಲ್ ಕಟ್ಟಿದರೆ ಅದನ್ನು ತಡೆಯಲಾಗದು, ಒಳ್ಳೆಯ ಮಾಸ್ಕ್ ಬೇಕು. ಪೇಟೆಗೆ ಹೋಗಿ ನಾಲ್ಕು ವರ್ಷ ಆರಾಮಿದ್ದ ಹುಡುಗಿ ಜುಲೈಯಲ್ಲಿ ಊರಿಗೆ ಬಂದ ಮೂರನೇ ರಾತ್ರಿ ಕೆಮ್ಮು ಶುರು ಮಾಡಿದರೆ ಕಾರಣ ಮನೆಯ ಒಳಗೇ ಹುಡುಕಬೇಕು ಅಲ್ವಾ.

ಉಬ್ಬಸದ ಗುರುತು ಹೀಗೆ: ಬೆಳಗಿನ ಜಾವ ಕೆಮ್ಮು, ಎದೆ ಬಿಗಿತ, ಉಸಿರು ಬಿಡುವಾಗ ಸುಂಯ್ ಅನ್ನುವ ಸದ್ದು, ಒಮ್ಮೆ ಬಂದು ಒಮ್ಮೆ ಹೋಗುವುದು. ಬರೀ ಕೆಮ್ಮೇ ಇದ್ದು ಸದ್ದೇ ಇಲ್ಲದಿರಬಹುದು. ಊದಿಸಿ ನೋಡುವ ಪರೀಕ್ಷೆ ಇದೆ, ಸ್ಪೈರೋಮೆಟ್ರಿ ಅನ್ನುತ್ತಾರೆ, ಅದರಲ್ಲಿ ತಿಳಿಯುತ್ತದೆ.

"ಪಂಪ್ ಹಿಡಿದರೆ ಜೀವಮಾನ ಬಿಡಲಿಕ್ಕೆ ಆಗುವುದಿಲ್ಲ" ಅಂತ ಊರೆಲ್ಲ ಹೇಳುತ್ತದೆ. ಶುದ್ಧ ಸುಳ್ಳು. ಪಂಪ್‌ನ, ಅಂದರೆ ಇನ್‌ಹೇಲರಿನ, ಔಷಧಿ ಸೀದಾ ಶ್ವಾಸನಾಳಕ್ಕೆ ಹೋಗುವುದರಿಂದ ಮಾತ್ರೆಗಿಂತ ಎಷ್ಟೋ ಕಡಿಮೆ ಪ್ರಮಾಣ ಸಾಕು. ಚಟ ಆಗುವುದಿಲ್ಲ. ತಕ್ಷಣಕ್ಕೆ ಬಿಗಿತ ಬಿಡಿಸುವುದು ಒಂದು ಬಗೆ, ಒಳಗಿನ ಊತ ಇಳಿಸಲು ದಿನವೂ ಎಳೆಯುವುದು ಇನ್ನೊಂದು ಬಗೆ. ಜನ ಮೊದಲನೆಯದನ್ನು ಮಾತ್ರ ಕೊಳ್ಳುತ್ತಾರೆ, ಎರಡನೆಯದನ್ನು ಆರಾಮಾಯಿತು ಅಂತ ಬಿಡುತ್ತಾರೆ, ಮುಂದಿನ ಮಳೆಗೆ ಮತ್ತೆ ಆಸ್ಪತ್ರೆ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಮೊದಲನೆಯದು ಬೇಕಾಗುತ್ತಿದ್ದರೆ ಉಬ್ಬಸ ಹಿಡಿತಕ್ಕೆ ಬಂದಿಲ್ಲ ಅಂತ ಅರ್ಥ. ದಿನದ ಪಂಪ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಹುಣ್ಣು ಆಗುತ್ತದೆ.

ಉಬ್ಬಸ ಇದೆ ಅಂತ ಮೊದಲೇ ಗೊತ್ತಿರುವವರಿಗೆ ಜೋರಾಗಿ ಬಂದರೆ ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ತಕ್ಷಣಕ್ಕೆ ಬಿಗಿತ ಬಿಡಿಸುವ ಸಾಲ್ಬುಟಮಾಲ್ ಪಂಪನ್ನು ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಕೊಳವೆಗೆ ಹಾಕಿ ಒಂದೊಂದೇ ಪಫ್, ನಿಧಾನಕ್ಕೆ ಉಸಿರಾಡಿಸುತ್ತಾ, ನಾಲ್ಕರಿಂದ ಹತ್ತರ ತನಕ ಕೊಡಬಹುದು. ಇಳಿಯದಿದ್ದರೆ ಹೊರಡಿ, ದಾರಿಯಲ್ಲೂ 20 ನಿಮಿಷಕ್ಕೊಮ್ಮೆ ಕೊಡುತ್ತಾ ಇರಿ. ಸುಂಯ್ ಸದ್ದು ನಿಂತಿದೆ ಆದರೆ ಮನುಷ್ಯ ಸುಸ್ತಾಗಿ ಮಾತಾಡುತ್ತಿಲ್ಲ ಅಂದರೆ ಕಡಿಮೆ ಆಯಿತು ಅಂತ ತಿಳಿಯಬೇಡಿ, ಅದು ತುಂಬಾ ಕೆಟ್ಟ ಲಕ್ಷಣ.

ಕೊರೊನಾ ಕಾಲದ ಆಕ್ಸಿಮೀಟರ್ ಇನ್ನೂ ಮನೆಯಲ್ಲಿದ್ದರೆ ಬೆರಳಿಗೆ ಹಾಕಿ ನೋಡಿ. ಬೆರಳು ಬೆಚ್ಚಗಿರಬೇಕು, ಮೆಹಂದಿ, ಉಗುರಿನ ಬಣ್ಣ ಇರಬಾರದು. 94ಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆಗೆ. 98 ತೋರಿಸಿದರೂ ಎದೆ ಭಾರ ಇದ್ದರೆ ಹೋಗಲೇಬೇಕು, ಅದು ಹೃದಯದ ಬಗ್ಗೆ ಏನೂ ಹೇಳುವುದಿಲ್ಲ.

ಗಾಬರಿಯ ಉಸಿರು

ಒಮ್ಮೆಲೇ ಎದೆ ಡವಡವ, ಉಸಿರು ಸಾಲದು, ಬೆರಳು ಜೋಮು, ಬಾಯಿ ಸುತ್ತ ಜುಮುಜುಮು, ಸತ್ತೇ ಹೋಗುತ್ತೇನೆ ಅನ್ನುವ ಭಯ. ಹತ್ತು ನಿಮಿಷದ ಒಳಗೆ ತುದಿಗೆ ಏರಿ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಇದು ಪ್ಯಾನಿಕ್ ಅಟ್ಯಾಕ್. ಪರೀಕ್ಷೆ, ಕೆಲಸದ ಇಂಟರ್‌ವ್ಯೂ, ಮನೆಯ ಸಾಲ, ಮುರಿದ ಮದುವೆ ಮಾತು, ಕಾರಣ ಯಾವುದೂ ಆಗಬಹುದು, ಏನೂ ಇಲ್ಲದೆಯೂ ಬರಬಹುದು. "ಎಲ್ಲಾ ಮನಸ್ಸಿಂದು, ಏನೂ ಇಲ್ಲ" ಅಂತ ಹೇಳಬೇಡಿ. ನೋವು ಅವರಿಗೆ ನಿಜವಾಗಿಯೂ ಆಗುತ್ತಿರುತ್ತದೆ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಎಳೆದು ಆರು ಎಣಿಸುವಷ್ಟು ಹೊತ್ತು ಬಿಡಲು ಹೇಳಿ, ಜೊತೆಗೆ ನೀವೂ ಮಾಡಿ. ಸಿನಿಮಾದಲ್ಲಿ ತೋರಿಸುವ ಕಾಗದದ ಚೀಲ ಬೇಡ, ಒಳಗೆ ಬೇರೆ ಕಾಯಿಲೆ ಇದ್ದರೆ ಆಕ್ಸಿಜನ್ ಇನ್ನಷ್ಟು ಕಡಿಮೆ ಮಾಡುತ್ತದೆ.

ಮೊದಲ ಸಲ ಬಂದಾಗ ಮಾತ್ರ ನೀವೇ ಪ್ಯಾನಿಕ್ ಅಂತ ತೀರ್ಮಾನ ಮಾಡಬೇಡಿ. ಇಸಿಜಿ, ರಕ್ತ, ಥೈರಾಯ್ಡ್ ನೋಡಿಸಿ. ಎನರ್ಜಿ ಡ್ರಿಂಕ್ ಎಷ್ಟು ಕುಡಿಯುತ್ತೀರಿ ಅನ್ನುವುದನ್ನೂ ಹೇಳಿ. ಎಲ್ಲಾ ಸರಿ ಬಂದು ಮತ್ತೆ ಮತ್ತೆ ಆಗುತ್ತಿದ್ದರೆ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಕಣ್ಣು ತಪ್ಪಿಸುವ ಕಾರಣಗಳು

ಗದ್ದೆ ಏರು ಹತ್ತಿದರೆ ಏದುಸಿರು, ಮುಖ ಬಿಳಿಚಿದೆ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಇಂಥ ಹುಡುಗಿಯರಿಗೆ ಮೊದಲು ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆಯನ್ನು ಚಹಾ ಜೊತೆ ನುಂಗಬಾರದು, ಹಿಡಿಯುವುದಿಲ್ಲ. ರಕ್ತ ಸರಿ ಇದ್ದೂ ಏದುಸಿರು ಹೋಗದಿದ್ದರೆ, ಚಿಕ್ಕವರಿದ್ದಾಗ ಗಂಟಲು ನೋವಿನ ನಂತರ ಕೀಲು ಊದಿದ ಜ್ವರ ಬಂದಿತ್ತಾ ಅಂತ ಅಮ್ಮನನ್ನು ಕೇಳಿ. ಆ ಜ್ವರ ಹೃದಯದ ಕವಾಟ ಕೆಡಿಸಿ, ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ, ಎಷ್ಟೋ ಸಲ ಬಸುರಿ ಆದಾಗ, ಏದುಸಿರಾಗಿ ಹೊರಗೆ ಬರುತ್ತದೆ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಉಸಿರೆಳೆದರೆ ಪಕ್ಕೆಯಲ್ಲಿ ನೋವು: ಟಿಬಿ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಪುಕ್ಕಟೆ.

ವೈರಲ್ ಜ್ವರ ಬಂದು ಹೋದ ಮೇಲೆ ಎದೆ ನೋವು, ಮಲಗಿದರೆ ಜಾಸ್ತಿ, ಮುಂದಕ್ಕೆ ಬಗ್ಗಿ ಕೂತರೆ ಕಡಿಮೆ ಆಗುತ್ತಿದ್ದರೆ ಹೃದಯದ ಹೊರಪೊರೆ ಊದಿರಬಹುದು. ಅದೇ ದಿನ ಇಸಿಜಿ ಮಾಡಿಸಿ, ಡಾಕ್ಟರು ಹೇಳುವ ತನಕ ಆಟ, ಜಿಮ್ ಬಂದ್.

ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದು, ಆಮೇಲೆ ಒಮ್ಮೆಲೇ ಏದುಸಿರು ಬಂದರೆ ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿದೆಯೇನೋ ಅಂತ ನೋಡಬೇಕು. ಬಾಣಂತಿಯರು, ಗರ್ಭನಿರೋಧಕ ಮಾತ್ರೆ ತಿನ್ನುವವರು, ಆಪರೇಶನ್ ಆಗಿ ಮಲಗಿದ್ದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಇದನ್ನು ನೆನಪಿಡಿ. ಕಾಲು ತಿಕ್ಕಿಸಬೇಡಿ, ಸೀದಾ ಆಸ್ಪತ್ರೆಗೆ. ಮಳೆಗಾಲದಲ್ಲಿ ಗದ್ದೆ, ತೋಟದ ನೀರಿಗೆ ಇಳಿದವರಿಗೆ ಜ್ವರ, ಮೈಕೈ ನೋವಿನ ಜೊತೆ ಏದುಸಿರು ಬಂದರೂ ಅಷ್ಟೇ. ಇಲಿ ಜ್ವರ ಶ್ವಾಸಕೋಶಕ್ಕೆ ಏರಿದರೆ ಕೆಡುವುದು ಬೇಗ.

ಡಾಕ್ಟರ ಮುಂದೆ ಕೂತಾಗ

ನೋವು ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಏನು ಮಾಡುವಾಗ ಬಂತು, ಏನು ಮಾಡಿದರೆ ಇಳಿಯಿತು, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಿಗರೇಟು, ಗುಟ್ಕಾ, ಕುಡಿತ, ಜಿಮ್ಮಿನ ಪುಡಿ, ಹೆಂಗಸರಾದರೆ ಮುಟ್ಟು ಮುಂದೆ ಹಾಕುವ ಮಾತ್ರೆ, ಯಾವುದನ್ನೂ ಮುಚ್ಚಿಡಬೇಡಿ. ಅಪ್ಪ ಪಕ್ಕದಲ್ಲಿದ್ದರೆ ಮುಜುಗರ ನಿಜ, "ಒಂದು ನಿಮಿಷ ಹೊರಗೆ ಕೂರಿ" ಅಂತ ಹೇಳಿಸಿ.

ಮೊದಲ ಇಸಿಜಿ ಸರಿ ಇದೆ ಅಂದ ಮಾತ್ರಕ್ಕೆ ಮುಗಿಯಿತು ಅಂತ ಅಲ್ಲ. ನೋವು ಹೃದಯದ್ದು ಅನ್ನುವ ಅನುಮಾನ ಇದ್ದರೆ ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಮಾಡಿ, ಕೆಲವು ಗಂಟೆ ಬಿಟ್ಟು ಎರಡನ್ನೂ ಮತ್ತೆ ಮಾಡುತ್ತಾರೆ. ಅಷ್ಟು ಹೊತ್ತು ಕೂರಲು ಬೇಸರ ಆಗುತ್ತದೆ, ಮನೆಯಲ್ಲಿ ಹಾಲು ಕರೆಯುವವರಿಲ್ಲ ಅಂತ ಎದ್ದು ಬರುವವರನ್ನು ಬೇಕಾದಷ್ಟು ನೋಡಿದ್ದೇನೆ. ಕೂರಿ. ಹಳೆಯ ಇಸಿಜಿ ಇದ್ದರೆ ಮೊಬೈಲಿನಲ್ಲಿ ಫೋಟೋ ಇಟ್ಟುಕೊಂಡಿರಿ, ಹೊಸದರ ಜೊತೆ ಹೋಲಿಸಿ ನೋಡಲು ಡಾಕ್ಟರಿಗೆ ಬಹಳ ಉಪಯೋಗ. ಆ ಕಾಗದದ ಮೇಲಿನ ಗೆರೆ ಹೆಚ್ಚು ಕಾಲ ನಿಲ್ಲುವುದಿಲ್ಲ. ರೇಷನ್ ಕಾರ್ಡ್, ಆಧಾರ್ ಎರಡೂ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ, ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ.